ಸಿಲಿಂಡರ್ ಹೋಗಿ ಪೈಪ್ ಗ್ಯಾಸ್ ಬಂದ ಮನೆ: ಮನೆಮಂದಿಗೆಲ್ಲ ಸುರಕ್ಷತೆ ಕಲಿಸುವ ಬಗೆ

ಪೈಪ್ ಗ್ಯಾಸ್ ಸಂಪರ್ಕ ಕೊಡುವ ದಿನ ತಂತ್ರಜ್ಞರು ಬರುತ್ತಾರೆ, ಸ್ಟವ್ ಹೊತ್ತಿಸಿ ತೋರಿಸುತ್ತಾರೆ, ಕೈಗೊಂದು ಪುಸ್ತಿಕೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸಹಿ ಹಾಕಿದವರು ಮರುದಿನ ಬೆಳಿಗ್ಗೆ ಎಂಟೂವರೆಗೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇರುತ್ತಾರೆ. ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಇರುವವರು ಅಜ್ಜಿ, ಇಲ್ಲವೇ ಅಡುಗೆಗೆ ಬರುವ ಅಕ್ಕ. ವಾಲ್ವ್ ಎಲ್ಲಿದೆ ಎಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ಗ್ಯಾಸ್ ಸುರಕ್ಷತೆ ಕಲಿಯಬೇಕಾದವರು ಅವರು; ಕಲಿಸಬೇಕಾದವರು ನೀವು. ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಎತ್ತಿಟ್ಟರೆ ಮುಖ್ಯವಾದದ್ದೆಲ್ಲ ಮುಗಿಯುತ್ತದೆ.

ಮೊದಲು ಸಿಲಿಂಡರ್ ಕಾಲದ ಅಭ್ಯಾಸ ಬಿಡಿಸಿ

ವರ್ಷಗಟ್ಟಲೆ ಸಿಲಿಂಡರ್ ಬಳಸಿದವರಿಗೆ ಕೆಲವು ರೂಢಿಗಳು ಮೈಗೆ ಹತ್ತಿರುತ್ತವೆ. ವಾಸನೆ ಬಂದರೆ ಬಗ್ಗಿ ನೆಲದ ಹತ್ತಿರ ಮೂಸುವುದು, ಬಾಗಿಲು ತೆಗೆದು ಗ್ಯಾಸನ್ನು ಹೊರಗೆ ಗುಡಿಸಿದ ಹಾಗೆ ಪೊರಕೆ ಆಡಿಸುವುದು, ರೆಗ್ಯುಲೇಟರ್ ಕಡೆ ಕೈ ಹೋಗುವುದು. ಎಲ್‌ಪಿಜಿಗೆ ಇದು ಸರಿ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಅದರ ತೂಕ ಗಾಳಿಯ ತೂಕದ ಶೇ 60ರ ಆಸುಪಾಸು. ಹಾಗಾಗಿ ಅದು ಸೋರಿದರೆ ಏರುತ್ತದೆ, ಛಾವಣಿಯ ಕೆಳಗೆ ಕೂಡುತ್ತದೆ. ಬಾಗಿಲು ಮಾತ್ರ ತೆಗೆದು ಮೇಲಿನ ವೆಂಟಿಲೇಟರ್ ಮುಚ್ಚಿಯೇ ಇಟ್ಟರೆ ಅರ್ಧ ಕೆಲಸವಾದಂತೆ.

'ಹಗುರ ಅಲ್ವಾ, ತಾನೇ ಹೋಗಿಬಿಡತ್ತೆ, ಇದರಲ್ಲಿ ಅಪಾಯ ಇಲ್ಲ' ಎನ್ನುವ ಮಾತೂ ಚಾಲ್ತಿಯಲ್ಲಿದೆ. ಮೇಲೆ ದಾರಿ ಇದ್ದರೆ ಹೋಗುತ್ತದೆ, ನಿಜ. ಆದರೆ ನಮ್ಮ ಫ್ಲ್ಯಾಟುಗಳಲ್ಲಿ ಯುಟಿಲಿಟಿಗೆ ಗಾಜು ಹಾಕಿಸಿ, ವೆಂಟಿಲೇಟರಿಗೆ ಸೊಳ್ಳೆಪರದೆ ಬಡಿದು, ಅದರ ಮೇಲೊಂದು ಫಾಲ್ಸ್ ಸೀಲಿಂಗ್ ಮಾಡಿಸಿರುತ್ತೇವೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಬೆರೆತರೆ ಒಂದು ಕಿಡಿ ಸಾಕು. 10 ಅಡಿ ಉದ್ದ, 8 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಅಡುಗೆಮನೆಯ ಲೆಕ್ಕ ಹಿಡಿಯಿರಿ. ಒಳಗಿರುವ ಗಾಳಿ ಸುಮಾರು 21 ಘನ ಮೀಟರ್. ಅದರ ಶೇ 5 ಅಂದರೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು. ಹೊತ್ತಿಸದೆ ತೆರೆದುಬಿಟ್ಟ ಸಾಧಾರಣ ಬರ್ನರ್ ಗಂಟೆಗೆ ಹೆಚ್ಚುಕಡಿಮೆ 0.2 ಘನ ಮೀಟರ್ ಬಿಡುತ್ತದೆ. ಅಡುಗೆಮನೆಯೆಲ್ಲ ಸಮನಾಗಿ ಹರಡಿದರೆ ಐದು ಗಂಟೆ ಬೇಕು. ಆದರೆ ಅದು ಮೇಲಿನ ಎರಡು ಅಡಿಯಲ್ಲೇ ಕೂಡಿಕೊಂಡರೆ ಒಂದು ಗಂಟೆಯ ಸುಮಾರಿಗೆ ಆ ಪದರ ಹೊತ್ತಿಕೊಳ್ಳುವ ಮಟ್ಟ ಮುಟ್ಟುತ್ತದೆ. ಟ್ಯೂಬೇ ಕಳಚಿಬಿದ್ದರೆ ಕೆಲವೇ ನಿಮಿಷಗಳ ಮಾತು. ಮತ್ತೊಂದು: ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ., ಸೋರಿ ಸೋರಿ ಒಮ್ಮೆ ಖಾಲಿಯಾಗುತ್ತದೆ. ಪೈಪ್ ಖಾಲಿಯಾಗುವುದಿಲ್ಲ. ವಾಲ್ವ್ ಮುಚ್ಚುವವರೆಗೂ ಬರುತ್ತಲೇ ಇರುತ್ತದೆ.

ಹಳೆಯ ಸ್ಟವ್ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸಿಲಿಂಡರ್ ಸ್ಟವ್ ಕೆಲಸ ಮಾಡುವುದು 30 ಮಿಲಿಬಾರ್ ಒತ್ತಡದಲ್ಲಿ. ಮನೆಯೊಳಗಿನ ಪೈಪ್ ಗ್ಯಾಸಿನ ಒತ್ತಡ 21 ಮಿಲಿಬಾರ್. ಒಂದು ಘನ ಮೀಟರ್ ನೈಸರ್ಗಿಕ ಅನಿಲದ ಶಾಖವೂ ಅಷ್ಟೇ ಎಲ್‌ಪಿಜಿಯದಕ್ಕಿಂತ ತುಂಬಾ ಕಡಿಮೆ. ಅದಕ್ಕೇ ಬರ್ನರಿನ ಜೆಟ್ ಬದಲಿಸಿ ದೊಡ್ಡ ತೂತಿನದು ಹಾಕುತ್ತಾರೆ. ಹಾಗೆ ಬದಲಿಸಿದ ಸ್ಟವ್‌ಗೆ ಹಬ್ಬದ ದಿನ ಹಳೇ ಸಿಲಿಂಡರ್ ತಂದು ಚುಚ್ಚಿದರೆ ಉರಿ ಹಳದಿಯಾಗಿ ಅಡಿಯಿಂದ ಮೇಲಕ್ಕೆ ನುಗ್ಗುತ್ತದೆ, ಪಾತ್ರೆಯೆಲ್ಲ ಮಸಿ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಹೊಸದು ಕೊಳ್ಳುವವರು ಪೈಪ್ ಗ್ಯಾಸಿಗೆಂದೇ ಇರುವ ಐಎಸ್ 17153 ಗುರುತಿನ ಸ್ಟವ್ ಕೇಳಿ. ಐಎಸ್ 4246 ಎಂದಿದ್ದರೆ ಅದು ಎಲ್‌ಪಿಜಿಯದು. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಸಾಧನ ಇರುವ ಮಾದರಿ ಸಿಕ್ಕರೆ ಹೆಚ್ಚು ದುಡ್ಡು ಕೊಟ್ಟಾದರೂ ಅದನ್ನೇ ತನ್ನಿ. ಹಾಲು ಉಕ್ಕಿ ಉರಿ ಆರುವುದು ಯಾವ ಮನೆಯಲ್ಲಿ ಇಲ್ಲ?

ಪೈಪಿನ ಜೊತೆ ನಡೆಯಿರಿ

ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಗಿನಿಂದ ಒಳಗೆ ಬನ್ನಿ. ಬೆಂಗಳೂರಿನ ಮನೆಗಳಿಗೆ ಗ್ಯಾಸ್ ಕೊಡುವುದು ಗೇಲ್ ಗ್ಯಾಸ್. ಮೂಲ, 2013ರಲ್ಲಿ ಚಾಲೂ ಆದ ದಾಭೋಲ್–ಬೆಂಗಳೂರು ಕೊಳವೆ ಮಾರ್ಗ. ಬೀದಿಯಲ್ಲಿ ನೆಲದಡಿ ಬಂದ ಪ್ಲಾಸ್ಟಿಕ್ ಕೊಳವೆ ಕಾಂಪೌಂಡಿನ ಹತ್ತಿರ ಮೇಲೆದ್ದು, ಹಳದಿ ಬಣ್ಣದ ಜಿಐ ಪೈಪಾಗಿ ಗೋಡೆ ಹಿಡಿದು ಏರುತ್ತದೆ. ಆ ಪೈಪು ನಿಮ್ಮ ಮನೆಗೆ ತಿರುಗುವಲ್ಲಿ ಮೀಟರ್, ಸಣ್ಣ ರೆಗ್ಯುಲೇಟರ್, ಅದರ ಜೊತೆಗೊಂದು ವಾಲ್ವ್. ಇದು ಮೀಟರ್ ವಾಲ್ವ್. ಒಳಗೆ ಬಂದರೆ ಸ್ಟವ್ ಪಕ್ಕದಲ್ಲಿ ಇನ್ನೊಂದು, ಅದು ಸ್ಟವ್ ವಾಲ್ವ್. ಅಲ್ಲಿಂದ ಸ್ಟವ್‌ವರೆಗೆ ರಬ್ಬರ್ ಟ್ಯೂಬ್. ಮನೆಯವರು ನೆನಪಿಡಬೇಕಾದ್ದು ಎರಡೇ ವಾಲ್ವ್.

ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಗ್ಯಾಸ್ ಹರಿಯುತ್ತಿದೆ. ಪೈಪಿಗೆ ಅಡ್ಡ ನಿಂತರೆ ಮುಚ್ಚಿದೆ. ಕಾಲು ಸುತ್ತು ತಿರುಗಿಸಿದರೆ ಸಾಕು. ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ. ಕೈಗೆ ಬಲ ಕಡಿಮೆ ಇರುವ ಅಜ್ಜಿಗೆ ಹಿಡಿ ಬಿಗಿ ಎನಿಸಿದರೆ ಆ ದಿನವೇ ಗೊತ್ತಾಗಲಿ. ಇಕ್ಕಳ ಹಾಕಿ ತಿರುಗಿಸುವ ಸಾಹಸ ಬೇಡ, ಕಂಪನಿಗೆ ಹೇಳಿ ಬದಲಿಸಿಕೊಳ್ಳಿ. ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಹಿಡಿಯ ತುದಿ ಗೋಡೆಯ ಮೇಲೆ ಎಲ್ಲಿ ಬರುತ್ತದೋ ಅಲ್ಲಿಗೆ ಒಂದು ಕೆಂಪು ಟೇಪ್ ಅಂಟಿಸಿ. 'ಕೆಂಪಿಗೆ ತಂದರೆ ಬಂದ್.' ಅಡುಗೆಗೆ ಬರುವವರ ಮಾತು ತೆಲುಗೋ ತಮಿಳೋ ಬಂಗಾಳಿಯೋ ಆಗಿರಬಹುದು; ಕೆಂಪು ಟೇಪ್ ಎಲ್ಲರಿಗೂ ಓದಲು ಬರುತ್ತದೆ.

ಮೀಟರ್ ಪೆಟ್ಟಿಗೆಗೆ ಬೀಗ ಹಾಕಬೇಡಿ. ಅದರ ಮುಂದೆ ಶೂ ರ‍್ಯಾಕ್, ತುಳಸಿ ಕುಂಡ, ಹಳೇ ಪೇಪರ್ ಗಂಟು ಇದ್ದರೆ ತೆಗೆಯಿರಿ.

ವಾಸನೆ ಬಂದಾಗ: ಮಾಡುವ ಕ್ರಮ

ಮೀಥೇನಿಗೆ ತನ್ನದೇ ವಾಸನೆ ಇಲ್ಲ. ಕೊಳೆತ ಎಲೆಕೋಸಿನಂಥ ಆ ನಾತ ಬೇಕೆಂದೇ ಬೆರೆಸುವ ಈಥೈಲ್ ಮರ್ಕಾಪ್ಟನ್‌ನದು. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ, ಅಂದರೆ ಗಾಳಿಯಲ್ಲಿ ಶೇ 1ರಷ್ಟಿದ್ದಾಗಲೇ ಮೂಗಿಗೆ ತಿಳಿಯುವಂತೆ ಬೆರೆಸಿರುತ್ತಾರೆ. ಆದರೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಒಳಗೇ ಇದ್ದವರಿಗೆ 'ಆಗ ಬಂತು, ಈಗ ಇಲ್ಲ' ಅನ್ನಿಸುವುದು ಗ್ಯಾಸ್ ಹೋಯಿತು ಅಂತಲ್ಲ. ಶೀತ ಆಗಿರುವವರು, ವಯಸ್ಸಾದವರು ಮೂಗನ್ನು ನಂಬುವ ಹಾಗಿಲ್ಲ. ಹೊರಗಿನಿಂದ ಬಂದವರು 'ಏನೋ ವಾಸನೆ' ಅಂದರೆ ಅವರ ಮಾತೇ ಸರಿ ಎಂದು ತಿಳಿಯಬೇಕು.

1. ಸ್ಟವ್ ಉರಿಯುತ್ತಿದ್ದರೆ ಆರಿಸಿ, ನಾಬ್‌ಗಳನ್ನೆಲ್ಲ ಮುಚ್ಚಿ, ಸ್ಟವ್ ವಾಲ್ವ್ ಕೆಂಪಿಗೆ ತನ್ನಿ. ದೇವರ ದೀಪ, ಊದುಬತ್ತಿ ಹೊತ್ತಿದ್ದರೆ ಅದನ್ನೂ ಆರಿಸಿ.
2. ಕಿಟಕಿ, ಬಾಗಿಲು, ಮುಖ್ಯವಾಗಿ ಮೇಲಿನ ವೆಂಟಿಲೇಟರ್ ತೆರೆಯಿರಿ.
3. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ.
4. ಎಲ್ಲರನ್ನೂ ಕರೆದುಕೊಂಡು ಮೆಟ್ಟಿಲಿನಲ್ಲಿ ಇಳಿಯಿರಿ, ಲಿಫ್ಟ್ ಬೇಡ. ಹೊರಡುವಾಗ ಮೀಟರ್ ವಾಲ್ವ್ ಮುಚ್ಚಿ.
5. ಹೊರಗೆ ನಿಂತು ಫೋನ್ ಮಾಡಿ.

ವಾಸನೆ ಕಣ್ಣುಮೂಗಿಗೆ ರಾಚುವಷ್ಟಿದ್ದರೆ, ಅಥವಾ 'ಸ್ಸ್' ಎಂದು ಸದ್ದು ಕೇಳುತ್ತಿದ್ದರೆ 1 ಮತ್ತು 2ನ್ನು ಬಿಟ್ಟು ನೇರ ಹೊರಗೆ. ಮೀಟರ್ ವಾಲ್ವ್ ದಾರಿಯಲ್ಲೇ ಇದ್ದರೆ ಮುಚ್ಚಿ, ಇಲ್ಲದಿದ್ದರೆ ಅದೂ ಬೇಡ.

ಎಡವಟ್ಟಾಗುವುದು ಹೆಚ್ಚಾಗಿ ಮೂರನೆಯದರಲ್ಲಿ. ವಾಸನೆ ಹೋಗಲಿ ಎಂದು ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕುವುದು ಎಲ್ಲರಿಗೂ ತಕ್ಷಣ ಹೊಳೆಯುವ ಉಪಾಯ. ಸ್ವಿಚ್ಚಿನೊಳಗೆ ಏಳುವ ಸಣ್ಣ ಕಿಡಿಯೇ ಸಾಕು, ಫ್ಯಾನಿನ ಮೋಟಾರ್ ಬೇರೆ. 'ಹಾಗಾದರೆ ಮೇನ್ ಸ್ವಿಚ್ಚೇ ತೆಗೆದುಬಿಡೋಣ' ಅನ್ನುವುದು ಎರಡನೆಯ ಉಪಾಯ. ಅದೂ ಬೇಡ. ಮೇನ್ ತೆಗೆದ ಕೂಡಲೇ ಮನೆಯ ಯುಪಿಎಸ್ ಟಕ್ ಎಂದು ಬ್ಯಾಟರಿಗೆ ಬದಲಾಗುತ್ತದೆ. ಆ ರಿಲೇಯಲ್ಲೂ ಕಿಡಿ ಇದೆ, ಮತ್ತು ಎಷ್ಟೋ ಮನೆಗಳಲ್ಲಿ ಯುಪಿಎಸ್ ಕೂತಿರುವುದು ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲೇ. ಪಕ್ಕದ ಮನೆಯವರನ್ನು ಎಚ್ಚರಿಸಲು ಕಾಲಿಂಗ್ ಬೆಲ್ ಒತ್ತಬಾರದು, ಬಾಗಿಲು ಬಡಿಯಬೇಕು. ಮಕ್ಕಳಿಗೆ ಇದೊಂದನ್ನು ಹೇಳಿಕೊಟ್ಟರೆ ಅವರು ಜನ್ಮದಲ್ಲಿ ಮರೆಯುವುದಿಲ್ಲ, ಬಾಗಿಲು ಬಡಿಯುವುದೆಂದರೆ ಅವರಿಗೆ ಇಷ್ಟ.

ಫೋನ್ ಯಾರಿಗೆ? ಪೈಪ್ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆ ಬಿಲ್ಲಿನ ಮೇಲಿರುತ್ತದೆ. ಅದನ್ನು ಮನೆಯಲ್ಲಿರುವ ಎಲ್ಲರ ಮೊಬೈಲಿನಲ್ಲೂ 'ಗ್ಯಾಸ್ ತುರ್ತು' ಎಂದು ಸೇವ್ ಮಾಡಿ, ಅಡುಗೆಯವರ ಮೊಬೈಲಿನಲ್ಲೂ. ಅಪಾರ್ಟ್‌ಮೆಂಟಾದರೆ ಸೆಕ್ಯೂರಿಟಿಯವರ ಹತ್ತಿರವೂ ಇರಲಿ. ಸಿಲಿಂಡರ್ ಕಾಲದ 1906 ಎಲ್‌ಪಿಜಿ ಸೋರಿಕೆಯ ಸಂಖ್ಯೆ, ಇದಕ್ಕಲ್ಲ. ಬೆಂಕಿ ಹತ್ತಿದ್ದರೆ 112 ಅಥವಾ 101. ಮನೆ ವಿಳಾಸ, ಹತ್ತಿರದ ಗುರುತು, ಎಷ್ಟನೇ ಮಹಡಿ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಎಷ್ಟನೇ ಕ್ರಾಸ್, ಎಷ್ಟನೇ ಮೇನ್ ಎಂಬುದು ಗಾಬರಿಯಲ್ಲಿ ಮನೆ ಯಜಮಾನರಿಗೂ ಬಾಯಿಗೆ ಬರುವುದಿಲ್ಲ.

ಸೋರುವ ಜಾಗದಲ್ಲೇ ಬೆಂಕಿ ಹೊತ್ತಿ ಉರಿಯುತ್ತಿದ್ದರೆ ಆ ಉರಿಯನ್ನು ಆರಿಸಲು ಹೋಗಬಾರದು, ವಾಲ್ವ್ ಮುಚ್ಚಬೇಕು. ಗ್ಯಾಸ್ ನಿಲ್ಲಿಸದೆ ಉರಿ ಮಾತ್ರ ಆರಿಸಿದರೆ ಉರಿಯದ ಗ್ಯಾಸ್ ಕೋಣೆ ತುಂಬಿ ಮುಂದಿನ ಕಿಡಿಗೆ ಕಾಯುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ್ದರೆ ನಾಬ್ ಮುಚ್ಚಿ, ಬಾಣಲೆಯ ಮೇಲೆ ತಟ್ಟೆ ಜಾರಿಸಿ, ನೀರು ಹಾಕಬಾರದು.

ಇದನ್ನೆಲ್ಲ ಒಮ್ಮೆ ಆಡಿಸಿ ನೋಡಿ. ಮುನ್ನೆಚ್ಚರಿಕೆ ಕೊಡದೆ, ಅನ್ನಕ್ಕಿಡುವ ಹೊತ್ತಿನಲ್ಲಿ 'ಅಕ್ಕ, ಈಗ ಗ್ಯಾಸ್ ವಾಸನೆ ಬರ್ತಿದೆ ಅನ್ಕೊಳ್ಳಿ, ಏನ್ ಮಾಡ್ತೀರಿ?' ಎಂದು ಕೇಳಿ, ಬಾಯಿ ಮುಚ್ಚಿಕೊಂಡು ನೋಡಿ. ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಚಿಮಣಿ ಗುಂಡಿಗೋ, ಕಿಟಕಿಗೋ, ವಾಲ್ವಿಗೋ? ಬೈಯಬೇಡಿ. ಮತ್ತೆ ತೋರಿಸಿ, ಒಂದು ವಾರ ಬಿಟ್ಟು ಮತ್ತೆ ಕೇಳಿ.

ಗ್ಯಾಸ್ ನಿಂತು ಮತ್ತೆ ಬಂದಾಗ

ಪೈಪ್ ಗ್ಯಾಸಿಗೇ ವಿಶೇಷವಾದ, ಬಹಳ ಜನ ಯೋಚಿಸದ ಅಪಾಯ ಇದು. ಬೀದಿಯಲ್ಲಿ ರಿಪೇರಿ ಎಂದೋ, ಯಾರೋ ಮೀಟರ್ ವಾಲ್ವ್ ಮುಚ್ಚಿದರೆಂದೋ ಸಾರಿನ ಕೆಳಗಿನ ಉರಿ ಸದ್ದಿಲ್ಲದೆ ಆರುತ್ತದೆ. ಸಿಲಿಂಡರ್ ಮುಗಿದರೆ ಮುಗಿಯಿತು, ಹೊಸದು ಹಾಕುವಾಗ ನಾವೇ ಎದುರಿಗಿರುತ್ತೇವೆ. ಇಲ್ಲಿ ಹಾಗಲ್ಲ. 'ಗ್ಯಾಸ್ ಹೋಯ್ತು' ಎಂದು ನಾಬ್ ತೆರೆದೇ ಬಿಟ್ಟು ಹೊರಟರೆ, ಅರ್ಧ ಗಂಟೆಗೋ ಎರಡು ಗಂಟೆಗೋ ಗ್ಯಾಸ್ ಬಂದು ಉರಿಯಿಲ್ಲದ ಬರ್ನರಿನಿಂದ ಹರಿಯತೊಡಗುತ್ತದೆ. ಕರೆಂಟ್ ಹೋದಾಗ ಸ್ವಿಚ್ ಹಾಕಿಯೇ ಬಿಡುವ ಊರು ನಮ್ಮದು. ಗ್ಯಾಸಿಗೂ ಅದೇ ರೂಢಿ ಬರುತ್ತದೆ.

ಕಲಿಸಬೇಕಾದ್ದು: ಉರಿ ತಾನಾಗಿ ಆರಿದರೆ ಮೊದಲು ನಾಬ್, ಆಮೇಲೆ ಸ್ಟವ್ ವಾಲ್ವ್, ಎರಡನ್ನೂ ಮುಚ್ಚಬೇಕು. ಮತ್ತೆ ತೆರೆಯುವ ಮುನ್ನ ಎಲ್ಲ ನಾಬ್ ಮುಚ್ಚಿದೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಬೇಕು. ಗೀಸರ್ ಇದ್ದರೆ ಅದನ್ನೂ. ಊರಿಗೆ ಹೋಗಿಬಂದು ಮೀಟರ್ ವಾಲ್ವ್ ತೆರೆಯುವಾಗಲೂ ಇದೇ ಕ್ರಮ.

ರಾತ್ರಿ ಸ್ಟವ್ ವಾಲ್ವ್ ಮುಚ್ಚಿ ಮಲಗಿ, ಒಂದು ದಿನಕ್ಕಿಂತ ಹೆಚ್ಚು ಮನೆ ಬಿಡುವುದಿದ್ದರೆ ಮೀಟರ್ ವಾಲ್ವ್.

ಸೋರಿಕೆ ಹುಡುಕುವುದು

ತಿಂಗಳಿಗೊಮ್ಮೆ ಸೋಪುನೀರಿನ ಪರೀಕ್ಷೆ. ಅರ್ಧ ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಮೆಲ್ಲಗೆ ಕಲಸಿ. ಜೋರಾಗಿ ಕಲಸಿದರೆ ಅದರದೇ ನೊರೆ ಎದ್ದು ಗುರುತು ಹತ್ತುವುದಿಲ್ಲ. ನಾಬ್‌ಗಳು ಮುಚ್ಚಿರಲಿ, ವಾಲ್ವ್ ತೆರೆದಿರಲಿ. ಹಳೇ ಟೂತ್‌ಬ್ರಶ್ಶಿನಿಂದ ಟ್ಯೂಬಿನ ಎರಡೂ ತುದಿಯ ಕ್ಲಿಪ್ಪುಗಳಿಗೆ, ವಾಲ್ವಿನ ಹಿಡಿಯ ಬುಡಕ್ಕೆ, ಪೈಪಿನ ಜೋಡಣೆಗಳಿಗೆ ಹಚ್ಚಿ ಅರ್ಧ ನಿಮಿಷ ನೋಡಿ. ಸೋರುತ್ತಿದ್ದರೆ ಹಚ್ಚಿದ ಜಾಗದಲ್ಲಿ ಗುಳ್ಳೆ ಉಬ್ಬುತ್ತದೆ, ಒಡೆಯುತ್ತದೆ, ಅದೇ ಚುಕ್ಕೆಯಲ್ಲಿ ಮತ್ತೆ ಉಬ್ಬುತ್ತದೆ. ಬ್ರಶ್ಶಿನ ಗುಳ್ಳೆ ಒಡೆದರೆ ಮತ್ತೆ ಹುಟ್ಟುವುದಿಲ್ಲ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಅಂಥವರ ಕೈಯಿಂದ ಪೊಟ್ಟಣ ಕಿತ್ತುಕೊಳ್ಳಿ.

ಪೈಪ್ ಗ್ಯಾಸಿನಲ್ಲಿ ಇನ್ನೊಂದು ಅನುಕೂಲ: ಮೀಟರೇ ಸಾಕ್ಷಿ ಹೇಳುತ್ತದೆ. ಮನೆಯಲ್ಲಿ ಜನ ಇರುವ ಮಧ್ಯಾಹ್ನ, ಎಲ್ಲ ನಾಬ್ ಮುಚ್ಚಿ ಎರಡೂ ವಾಲ್ವ್ ತೆರೆದಿಟ್ಟು ಮೀಟರಿನ ಫೋಟೋ ತೆಗೆಯಿರಿ, ಕೆಂಪು ಅಂಕೆಗಳೂ ಕಾಣುವ ಹಾಗೆ. ದಶಮಾಂಶದ ಮೂರನೇ ಅಂಕೆ ಒಂದು ಸಲ ಮುಂದಕ್ಕೆ ಹೋದರೆ ಒಂದು ಲೀಟರ್ ಗ್ಯಾಸ್ ಹೋಗಿದೆ ಅಂತ. ಎರಡು ಗಂಟೆ ಬಿಟ್ಟು ಮತ್ತೊಂದು ಫೋಟೋ. ಏನೂ ಬಳಸದೆ ಅಂಕೆ ಸರಿದಿದ್ದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ಮೀಟರ್ ವಾಲ್ವ್ ಮುಚ್ಚಿ ಕಂಪನಿಗೆ ಫೋನ್ ಮಾಡಿ. ಅಂಕೆ ಸರಿಯದಿದ್ದರೆ ದೊಡ್ಡ ಸೋರಿಕೆ ಇಲ್ಲ ಎಂದಷ್ಟೇ ಅರ್ಥ. ತೀರಾ ಸಣ್ಣದನ್ನು ಮೀಟರ್ ಹಿಡಿಯುವುದಿಲ್ಲ, ಅದಕ್ಕೆ ಸೋಪುನೀರೇ ಗತಿ.

ಮನೆಯ ಕೊಂಡಿಗಳಲ್ಲಿ ದುರ್ಬಲವಾದದ್ದು ರಬ್ಬರ್ ಟ್ಯೂಬ್. ಒಳಗೆ ಉಕ್ಕಿನ ಹೆಣಿಗೆ ಇರುವ, ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬ್ ಮಾತ್ರ ಬಳಸಿ. ಮೇಲೆ ಅಚ್ಚು ಹಾಕಿರುವ ವರ್ಷ ನೋಡಿ, ಐದು ವರ್ಷದೊಳಗೆ ಬದಲಿಸಿ. ಉದ್ದ ಒಂದೂವರೆ ಮೀಟರ್ ಮೀರಬಾರದು. ಗೋಡೆಯ ತೂತಿನಲ್ಲಿ, ಡ್ರಾಯರ್ ಹಿಂದೆ, ಬರ್ನರಿನ ಕೆಳಗೆ ಹಾಯಬಾರದು. ಟಾರ್ಚ್ ಹಿಡಿದು, ಬೆರಳಿನಿಂದ ಬಾಗಿಸಿ ನೋಡಿ: ಬಾಗಿದಲ್ಲಿ ಸಣ್ಣ ಬಿರುಕಿನ ಗೆರೆ ಕಂಡರೆ, ಮುಟ್ಟಿದಾಗ ಅಂಟಂಟು ಅಥವಾ ಗಡುಸು ಅನಿಸಿದರೆ ಅದರ ಆಯಸ್ಸು ಮುಗಿದಿದೆ. ಇಲಿ ಕಚ್ಚಿದ ಗುರುತು ಸಾಮಾನ್ಯವಾಗಿ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಇರುತ್ತದೆ, ಕನ್ನಡಿ ಹಿಡಿದು ನೋಡಬೇಕು. ಕ್ಲಿಪ್ ಜಾಗದಲ್ಲಿ ತಂತಿ ಸುತ್ತಿದ್ದರೆ ತೆಗೆಸಿ.

ಬಡಗಿ, ಪೇಂಟರ್, ನೆಟ್ ಕಟ್ಟುವವರು

ಗ್ಯಾಸ್ ಬಂದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಮನೆ ಅಂದ ಮಾಡಲು ಹೊರಟಾಗ ಕೆಡುತ್ತದೆ. ಮಾಡ್ಯುಲರ್ ಕಿಚನ್ ಮಾಡುವವರಿಗೆ ಹಳದಿ ಪೈಪು ಕಣ್ಣಿಗೆ ಚುಚ್ಚುತ್ತದೆ, ವಾಲ್ವ್ ಸಮೇತ ಪ್ಲೈವುಡ್ ಒಳಗೆ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಿದ ಪೆಟ್ಟಿಗೆಯೊಳಗೆ ಸೋರಿದರೆ ವಾಸನೆ ಹೊರಗೆ ಬರುವಷ್ಟರಲ್ಲಿ ಒಳಗೆ ಗ್ಯಾಸ್ ತುಂಬಿರುತ್ತದೆ. ಮೊದಲೇ ಹೇಳಿ: ವಾಲ್ವ್ ಹೊರಗೆ ಕೈಗೆ ಸಿಗಬೇಕು; ಪೈಪ್ ಹಾಯುವ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಗಾಳಿ ಕಿಂಡಿ ಇರಬೇಕು. ಕೆಳಗೆ ಮಾತ್ರ ಕಿಂಡಿ ಬಿಡುವುದು ಸಿಲಿಂಡರ್ ಕಾಲದ ಲೆಕ್ಕ. ವಾಟರ್ ಫಿಲ್ಟರ್ ಕೂರಿಸಲು ಡ್ರಿಲ್ ಹಿಡಿದು ಬಂದವರಿಗೆ ಗೋಡೆಯ ಆಚೆ ಪಕ್ಕದಲ್ಲಿ ಪೈಪ್ ಎಲ್ಲಿ ಹಾದಿದೆ ಎಂದು ಮೊದಲು ತೋರಿಸಿ.

ಹೊರಗಿನ ಜಿಐ ಪೈಪಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟುವುದು, ಡಿಶ್ ಕೇಬಲ್ ಸುತ್ತುವುದು, ಪಾರಿವಾಳದ ಬಲೆ ಕಟ್ಟುವವರು ಅದನ್ನೇ ಗೂಟವೆಂದು ಎಳೆದು ಬಿಗಿಯುವುದು, ಇವುಗಳಿಂದ ಕ್ಲಾಂಪ್ ಸಡಿಲವಾಗಿ ಜೋಡಣೆಯ ಮೇಲೆ ಭಾರ ಬೀಳುತ್ತದೆ. ಎಸಿ ನೀರು ತೊಟ್ಟಿಕ್ಕುವ ಕಡೆ ಬಣ್ಣ ಸಿಪ್ಪೆಯೆದ್ದು ತುಕ್ಕು ಹಿಡಿಯುತ್ತದೆ. ಎಲೆಕ್ಟ್ರೀಷಿಯನ್ ಈ ಪೈಪನ್ನು ಅರ್ತಿಂಗ್‌ಗೆ ಬಳಸುವುದಂತೂ ಅಕ್ಷಮ್ಯ. ಸ್ಟವ್ ಜಾಗ ಬದಲಿಸಬೇಕೆಂದರೆ ಪೈಪ್ ಕೆಲಸಕ್ಕೆ ಕಂಪನಿಯವರೇ ಬರಬೇಕು, ಏರಿಯಾ ಪ್ಲಂಬರ್ ಎಷ್ಟೇ ನಂಬಿಕಸ್ಥರಿದ್ದರೂ.

ಬೀದಿಯಲ್ಲಿ ನೀರಿಗೋ ಕೇಬಲ್ಲಿಗೋ ಅಗೆಯುತ್ತಿರುವ ಜೆಸಿಬಿ, ಗ್ಯಾಸ್ ಕೊಳವೆಯ ಗುರುತುಕಲ್ಲು ಇರುವಲ್ಲಿ ಬಕೆಟ್ ಇಳಿಸುವುದು ಕಂಡರೆ ತಕ್ಷಣ ಅದೇ ತುರ್ತು ಸಂಖ್ಯೆಗೆ ಹೇಳಿ.

ಗೀಸರ್, ಉರಿಯ ಬಣ್ಣ, ಅಲಾರಂ

ಉರಿ ನೀಲಿಯಾಗಿ, ಬರ್ನರ್ ಹಿಡಿದು ನಿಂತಿರಬೇಕು. ಹಳದಿ ನಾಲಿಗೆ, ಪಾತ್ರೆಗೆ ಮಸಿ ಎಂದರೆ ಗಾಳಿ ಸಾಲುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತಿರಬಹುದು. ಬರ್ನರ್ ತೂತು ತೊಳೆದು ಒಣಗಿಸಿದರೂ ಹೋಗದಿದ್ದರೆ ಮೆಕ್ಯಾನಿಕ್ ಕರೆಸಿ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮರ್ಕಾಪ್ಟನ್ ಉರಿಯಲ್ಲೇ ಸುಟ್ಟುಹೋಗಿರುತ್ತದೆ. ಹೆಚ್ಚು ಅಪಾಯ ಇರುವುದು ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರಿನಲ್ಲಿ. ಡಿಸೆಂಬರ್ ಚಳಿಗೆ ಕಿಟಕಿ ಮುಚ್ಚಿ ಬಿಸಿನೀರು ಬಿಟ್ಟರೆ ಗೀಸರ್ ಬಚ್ಚಲುಮನೆಯ ಆಮ್ಲಜನಕ ತಿನ್ನುತ್ತಾ ವಿಷ ಉಗುಳುತ್ತದೆ. 'ಬೇಗ ಸ್ನಾನ ಮುಗಿಸಿದರಾಯಿತು' ಎನ್ನುವುದು ಪರಿಹಾರವಲ್ಲ. ಗೀಸರ್ ಬಚ್ಚಲಿನ ಹೊರಗೆ ತೆರೆದ ಜಾಗದಲ್ಲಿರಬೇಕು, ಹೊಗೆಕೊಳವೆ ಬಯಲಿಗೆ ತೆರೆದಿರಬೇಕು, ಯಂತ್ರ ನೈಸರ್ಗಿಕ ಅನಿಲಕ್ಕೆ ಹೊಂದುವಂಥದ್ದೇ ಆಗಿರಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದು, ಹೊರಗೆ ಬಂದರೆ ಹಗುರಾದರೆ ಅದು ತಿಂದದ್ದರ ದೋಷವಲ್ಲ. ಗೀಸರ್ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ, ಗ್ಯಾಸ್ ವಿಷಯ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.

ಸೋರಿಕೆ ಅಲಾರಂ ಕೊಳ್ಳುವುದಾದರೆ ಮೀಥೇನಿನದು ಕೊಂಡು ಛಾವಣಿಯಿಂದ ಒಂದಡಿಯೊಳಗೆ ಹಾಕಿಸಿ. ಎಲ್‌ಪಿಜಿಗೆಂದು ನೆಲದ ಹತ್ತಿರ ಹಾಕಿಸಿದ್ದ ಹಳೆಯದು ಅಲ್ಲೇ ಇದ್ದರೆ ಮೇಲೆ ಕೂಡುವ ಗ್ಯಾಸ್ ಅದರ ಗಮನಕ್ಕೇ ಬರುವುದಿಲ್ಲ. ಲೈಟರ್ ಗ್ಯಾಸ್ ಊದಿ ಪರೀಕ್ಷಿಸಬೇಡಿ, ಸೆನ್ಸರ್ ಹಾಳಾಗುತ್ತದೆ. ಅದರಲ್ಲೇ ಇರುವ ಟೆಸ್ಟ್ ಗುಂಡಿ ಒತ್ತಿ. ಕಾರ್ಬನ್ ಮೊನಾಕ್ಸೈಡಿಗೆ ಬೇರೆಯದೇ ಅಲಾರಂ ಬೇಕು.

ಅಡುಗೆಯವರು ಬದಲಾದರೆ, ಊರಿನಿಂದ ಅತ್ತೆ ಬಂದು ತಿಂಗಳಿರುವುದಾದರೆ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟರೆ ವಾಲ್ವ್ ತಿರುಗಿಸುವುದರಿಂದ ಮತ್ತೆ ಶುರು ಮಾಡಿ. ಬಾಡಿಗೆದಾರರಿಗೆ ಬೀಗದಕೈ ಕೊಡುವ ದಿನ ಮೀಟರ್ ಅಂಕೆ ಹೇಗೂ ಬರೆದುಕೊಳ್ಳುತ್ತೀರಿ; ಅದೇ ಹೊತ್ತಿಗೆ ಅವರ ಕೈಯಲ್ಲೇ ಒಮ್ಮೆ ವಾಲ್ವ್ ಮುಚ್ಚಿಸಿ, ತೆರೆಸಿ, ತುರ್ತು ಸಂಖ್ಯೆ ಅವರ ಮೊಬೈಲಿನಲ್ಲಿ ಸೇವ್ ಆಗಿದ್ದನ್ನು ನೋಡಿಕೊಂಡು ಬನ್ನಿ.